ಹಳೆಯದನ್ನು ಅಳಿಸದ ನಟಿ: ಸಿಮೋನ್ ಸಿನ್ಯೊರೆ

ಕೆಲಸ ಬದಲಿಸುವ ಹೊತ್ತಿನಲ್ಲಿ ಒಂದು ರಾತ್ರಿ ಕೂತು ನನ್ನ ಹಳೆಯ ಫೇಸ್‌ಬುಕ್ ಪೋಸ್ಟುಗಳನ್ನು ಅಳಿಸಿ ಹಾಕಿದೆ. ಎಂಜಿನಿಯರಿಂಗ್ ಮುಗಿಸಿ ಕೋಡ್ ಬರೆಯುತ್ತಿದ್ದ ಕಾಲದವು ಅವು. ಆಗ ದೇಶದ ಎಲ್ಲ ಸಮಸ್ಯೆಗೂ ನನ್ನ ಹತ್ತಿರ ಎರಡು ಸಾಲಿನ ಪರಿಹಾರ ಇರುತ್ತಿತ್ತು. ಯಾರನ್ನೆಲ್ಲ ಹೊಗಳಿದ್ದೆ, ಯಾರನ್ನೆಲ್ಲ ಆಡಿಕೊಂಡಿದ್ದೆ ಅಂತ ಈಗ ಓದಿದರೆ ಕಿವಿ ಬಿಸಿಯಾಗುತ್ತದೆ. ಎರಡು ಗಂಟೆ ಹಿಡಿಯಿತು. ಬೆಳಗ್ಗೆ ಎದ್ದಾಗ ನಾನು ಜೀವನದಲ್ಲಿ ಯಾವತ್ತೂ ತಪ್ಪು ಮಾತಾಡದ ಮನುಷ್ಯನಾಗಿದ್ದೆ.

ಇದಕ್ಕೂ ಫ್ರಾನ್ಸಿನ ಒಬ್ಬ ನಟಿಗೂ ಏನು ಸಂಬಂಧ ಅಂತ ಕೇಳಬಹುದು. ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು ಸಿಮೋನ್ ಸಿನ್ಯೊರೆಯ ಆತ್ಮಕಥೆಯ ಇಂಗ್ಲಿಷ್ ಅನುವಾದ. ನಟಿಯರ ಆತ್ಮಕಥೆ ಅಂದರೆ ಯಾರ ಜೊತೆ ಕೆಲಸ ಮಾಡಿದೆ, ಎಷ್ಟು ಪ್ರಶಸ್ತಿ ಬಂತು ಎಂಬ ಪಟ್ಟಿ ಇರುತ್ತದೆ ಅಂದುಕೊಂಡಿದ್ದೆ. ಈಕೆ ಮಾತ್ರ ಯಾರೂ ಕೇಳದಿದ್ದರೂ ತಾನು ಎಲ್ಲೆಲ್ಲಿ ತಪ್ಪು ಜಾಗದಲ್ಲಿ ನಿಂತಿದ್ದೆ ಅನ್ನುವುದನ್ನು ಹೇಳುತ್ತಾ ಹೋಗುತ್ತಾಳೆ. ನಾನು ಎರಡು ಗಂಟೆಯಲ್ಲಿ ಅಳಿಸಿದ್ದಕ್ಕಿಂತ ದೊಡ್ಡ ವಿಷಯಗಳವು. ಅವತ್ತಿನಿಂದ ಈ ಹೆಂಗಸು ನನ್ನ ತಲೆಯಿಂದ ಇಳಿದಿಲ್ಲ.

ಆಕೆಯನ್ನು ಮೊದಲು ನೋಡಿದ್ದು ಹಾಸ್ಟೆಲ್ ಕೋಣೆಯಲ್ಲಿ. ಸೀನಿಯರ್ ಒಬ್ಬನ ಹಾರ್ಡ್ ಡಿಸ್ಕಿನಲ್ಲಿ 'ಆರ್ಮಿ ಆಫ್ ಶ್ಯಾಡೋಸ್' ಅನ್ನುವ ಸಿನಿಮಾ ಇತ್ತು. ಗುಂಡು ಹಾರುವ ಯುದ್ಧದ ಸಿನಿಮಾ ಅಂತ ಹಾಕಿಕೊಂಡೆವು. ಬಹುಪಾಲು ಹೊತ್ತು ಕೋಟು ತೊಟ್ಟವರು ಮಳೆಯಲ್ಲಿ ನಡೆಯುವುದು, ಕಾಯುವುದು, ಅಷ್ಟೇ. ಒಬ್ಬೊಬ್ಬರೇ ಎದ್ದು ಹೋದರು. ಕೊನೆಯಲ್ಲಿ ಪ್ಯಾರಿಸ್ಸಿನ ಒಂದು ರಸ್ತೆ ಬದಿಯಲ್ಲಿ ನಡೆದು ಬರುವ ಮಧ್ಯವಯಸ್ಸಿನ ಒಬ್ಬ ಹೆಂಗಸು, ತನ್ನನ್ನು ಕೊಲ್ಲಲು ಬಂದ ಕಾರಿನೊಳಗೆ ತನ್ನದೇ ಗೆಳೆಯರು ಕೂತಿರುವುದನ್ನು ನೋಡುತ್ತಾಳೆ. ಆ ನೋಟದಲ್ಲಿ ಗಾಬರಿ, ಅರ್ಥವಾದದ್ದು, ಬೇಡಿಕೆ ಮೂರೂ ಇದ್ದವು. ಯಾರಪ್ಪಾ ಈಕೆ ಅಂತ ನಾನು ಹುಡುಕಿದ್ದು ಆಮೇಲೆ.

ಸಿಮೋನ್ ಹುಟ್ಟಿದ್ದು 1921ರ ಮಾರ್ಚ್ 25ರಂದು, ಫ್ರಾನ್ಸಿನಲ್ಲಲ್ಲ, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ಮೊದಲ ಮಹಾಯುದ್ಧದ ನಂತರ ರೈನ್ ನದಿಯ ಆಸುಪಾಸಿನ ಪ್ರದೇಶ ಫ್ರೆಂಚ್ ಸೇನೆಯ ವಶದಲ್ಲಿತ್ತು. ಅಪ್ಪ ಆಂಡ್ರೆ ಕಾಮಿಂಕರ್ ಆ ಸೇನೆಯಲ್ಲಿ ಅಧಿಕಾರಿ. ಪೋಲೆಂಡ್ ಮೂಲದ ಯಹೂದಿ ಮನೆತನ ಆತನದು. ಅಮ್ಮ ಜಾರ್ಜೆಟ್ ಸಿನ್ಯೊರೆ ಯಹೂದಿಯಲ್ಲ. ಆಮೇಲೆ ಸಂಸಾರ ಪ್ಯಾರಿಸ್ ಪಕ್ಕದ ನ್ಯೂಯಿ ಅನ್ನುವ ಅನುಕೂಲಸ್ಥರ ಬಡಾವಣೆಗೆ ಬಂತು. ಅಪ್ಪ ದುಭಾಷಿ. ಸುಮ್ಮನೆ ದುಭಾಷಿ ಅಲ್ಲ, ಭಾಷಣ ನಡೆಯುತ್ತಿರುವಾಗಲೇ ಜೊತೆಜೊತೆಗೆ ಅನುವಾದಿಸುವ ವಿದ್ಯೆಯನ್ನು ಶುರು ಮಾಡಿದ ಮೊದಲಿಗರಲ್ಲಿ ಒಬ್ಬ. 1934ರಲ್ಲಿ ನ್ಯೂರೆಂಬರ್ಗಿನಲ್ಲಿ ಹಿಟ್ಲರ್ ಮಾಡಿದ ಭಾಷಣವನ್ನು ಫ್ರೆಂಚ್ ರೇಡಿಯೋಗೆ ನೇರವಾಗಿ ಅನುವಾದಿಸಿದ್ದು ಈತನೇ. ಯಹೂದಿಯೊಬ್ಬನ ಬಾಯಲ್ಲಿ ಹಿಟ್ಲರನ ಮಾತು ಫ್ರಾನ್ಸಿನ ಮನೆಮನೆಗೆ ಕೇಳಿಸಿತು. ಇಂಥದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಅತಿಯಾಯಿತು ಅಂತ ಕತ್ತರಿ ಹಾಕುತ್ತಾರೆ.

1940ರಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿತು. ಅಪ್ಪ ಲಂಡನ್ನಿಗೆ ದಾಟಿ ದ ಗಾಲ್ ಪಡೆಯನ್ನು ಸೇರಿಕೊಂಡ. ಅಮ್ಮ, ಇಬ್ಬರು ಪುಟ್ಟ ತಮ್ಮಂದಿರು ಮತ್ತು ಸಿಮೋನ್ ಬ್ರಿಟನಿ ಪ್ರಾಂತ್ಯದ ವಾನ್ ಎಂಬ ಊರಿನಲ್ಲಿದ್ದರು. ಅಲ್ಲಿಯ ಶಾಲೆಯಲ್ಲಿ ಆಕೆಗೆ ಇತಿಹಾಸ ಹೇಳಿಕೊಟ್ಟ ಯುವ ಮೇಡಂ ಒಬ್ಬರಿದ್ದರು. ಮುಂದೆ ಇಡೀ ಫ್ರಾನ್ಸ್ ಅವರನ್ನು ಲೂಸಿ ಓಬ್ರಾಕ್ ಅನ್ನುವ ಹೆಸರಿನಿಂದ ಗುರುತಿಸಿತು. 1943ರಲ್ಲಿ ಬಸುರಿಯಾಗಿದ್ದಾಗ ಗೆಸ್ಟಾಪೋ ಕೈಯಿಂದ ಗಂಡನನ್ನು ಲಿಯಾನ್ ನಗರದ ಬೀದಿಯಲ್ಲಿ ಬಿಡಿಸಿಕೊಂಡು ಹೋದ ಹೆಂಗಸು. ಈ ಮೇಡಮ್ಮನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತಾರೆ.

ಮೇಡಂ ಪ್ರತಿರೋಧದ ದಾರಿ ಹಿಡಿದರು. ಶಿಷ್ಯೆ ಎಲ್ಲಿಗೆ ಹೋದಳು? ಪ್ಯಾರಿಸ್ಸಿಗೆ ವಾಪಸ್ಸಾದ ಮೇಲೆ ಮನೆಯಲ್ಲಿ ದುಡಿಯುವವರು ಯಾರೂ ಇರಲಿಲ್ಲ. ನ್ಯೂಯಿ ಶಾಲೆಯಲ್ಲಿ ಕೊರಿನ್ ಲುಶೇರ್ ಎಂಬ ಹುಡುಗಿಯ ಪರಿಚಯವಿತ್ತು. ಅಷ್ಟರಲ್ಲಿ ಆಕೆ ಹೆಸರು ಮಾಡಿದ ನಟಿ. ಅವಳ ಅಪ್ಪ ಜ್ಯಾಂ ಲುಶೇರ್ ಆಗಷ್ಟೇ ಒಂದು ಪತ್ರಿಕೆ ಶುರು ಮಾಡುತ್ತಿದ್ದ, ಹೆಸರು 'ಲೆ ನೂವೋ ತಾಂ'. ಹೊಸ ಕಾಲ ಅಂತ ಅರ್ಥ. ಆ ಹೊಸ ಕಾಲ ಯಾರದು ಅಂದರೆ ಜರ್ಮನ್ನರದು. ನಾಜಿಗಳ ಜೊತೆ ಕೈಜೋಡಿಸುವುದೇ ಫ್ರಾನ್ಸಿಗೆ ದಾರಿ ಅಂತ ಸಾರುವ ಪತ್ರಿಕೆ. ಯಹೂದಿ ಅಪ್ಪನ ಮಗಳು, ಅಪ್ಪ ಲಂಡನ್ನಿನಲ್ಲಿ ಶತ್ರುಪಾಳಯದಲ್ಲಿರುವಾಗ, ಆ ಪತ್ರಿಕೆಯ ಮಾಲೀಕನ ಕಚೇರಿಯಲ್ಲಿ ಸೆಕ್ರೆಟರಿಯಾಗಿ ಸೇರಿದಳು. ಫೋನ್ ಎತ್ತುವುದು, ಭೇಟಿಗೆ ಬಂದವರನ್ನು ಕೂರಿಸುವುದು ಇಂಥ ಕೆಲಸ. ತಿಂಗಳ ಸಂಬಳದಲ್ಲಿ ಅಮ್ಮ, ತಮ್ಮಂದಿರ ಹೊಟ್ಟೆ ತುಂಬುತ್ತಿತ್ತು. ವಯಸ್ಸು ಹತ್ತೊಂಬತ್ತು.

ಕೆಲವು ತಿಂಗಳು ಮಾತ್ರ ಆ ಕೆಲಸ. 1941ರಲ್ಲಿ ಬಿಟ್ಟಳು. ಲುಶೇರ್‌ನನ್ನು 1946ರ ಫೆಬ್ರವರಿಯಲ್ಲಿ ದೇಶದ್ರೋಹಕ್ಕಾಗಿ ಗುಂಡಿಟ್ಟು ಕೊಂದರು. ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಎಷ್ಟು ಜನ ತಾವು ಮೊದಲ ದಿನದಿಂದಲೇ ಪ್ರತಿರೋಧದಲ್ಲಿದ್ದೆವು ಅಂತ ಹೇಳಿಕೊಂಡರೋ ಲೆಕ್ಕವಿಲ್ಲ. ಸಿಮೋನ್‌ಗಂತೂ ಹಾಗೆ ಹೇಳಿಕೊಳ್ಳಲು ಅಪ್ಪನ ಹೆಸರೊಂದೇ ಸಾಕಿತ್ತು. ಆದರೆ ಆತ್ಮಕಥೆಯಲ್ಲಿ ಈ ತಿಂಗಳುಗಳನ್ನು ಆಕೆ ಬಿಡಿಸಿ ಬರೆದಿದ್ದಾಳೆ. ಲುಶೇರ್ ಒಳ್ಳೆಯ ಮಾತಿನವನು, ತನ್ನನ್ನು ಚೆನ್ನಾಗಿ ನಡೆಸಿಕೊಂಡ, ತನಗೆ ಆ ಕಚೇರಿ ಏನು ಅನ್ನುವುದು ನಿಧಾನವಾಗಿ ತಿಳಿಯಿತು ಎಂಬುದನ್ನೂ ಮುಚ್ಚಿಟ್ಟಿಲ್ಲ. ನನಗೆ ಇಡೀ ಪುಸ್ತಕದಲ್ಲಿ ಹೆಚ್ಚು ಕಾಡಿದ್ದು ಇದೇ. ಕೆಟ್ಟ ಕೆಲಸದ ಜಾಗದಲ್ಲಿ ಕೆಟ್ಟವರಂತೆ ಕಾಣುವವರೇ ಇರುವುದಿಲ್ಲ. ಚಹಾ ಕೊಡಿಸುವ, ಅಮ್ಮನ ಆರೋಗ್ಯ ವಿಚಾರಿಸುವ ಬಾಸ್ ಇರುತ್ತಾನೆ.

ಬಿಡುಗಡೆಯ ದಾರಿ ತೋರಿಸಿದ್ದು ಒಂದು ಹೋಟೆಲು. 1941ರ ಮಾರ್ಚಿನಲ್ಲಿ ಮೊದಲ ಸಲ ಆಕೆ ಕೆಫೆ ದ ಫ್ಲೋರ್‌ಗೆ ಕಾಲಿಟ್ಟಳು. ಪ್ಯಾರಿಸ್ಸಿನ ಎಡದಂಡೆಯ ಈ ಕಾಫಿ ಹೋಟೆಲಿನಲ್ಲಿ ಕವಿಗಳು, ಕೆಲಸವಿಲ್ಲದ ನಟರು, ಕಮ್ಯುನಿಸ್ಟರು, ಟ್ರಾಟ್‌ಸ್ಕಿವಾದಿಗಳು, ತಲೆಮರೆಸಿಕೊಂಡ ಯಹೂದಿಗಳು ಎಲ್ಲರೂ ಒಂದೇ ಒಲೆಯ ಸುತ್ತ ಕೂತಿರುತ್ತಿದ್ದರು. ತಾನು ನಿಜವಾಗಿ ಹುಟ್ಟಿದ್ದು ಅವತ್ತೇ ಅನ್ನುವ ಅರ್ಥದಲ್ಲಿ ಆಕೆ ಮುಂದೆ ಬರೆದುಕೊಂಡಳು. ಅಲ್ಲಿಂದ ಸಿನಿಮಾ. ಆದರೆ ಜರ್ಮನ್ನರ ಆಡಳಿತದಲ್ಲಿ ಸಿನಿಮಾದಲ್ಲಿ ದುಡಿಯಲು ಕಾರ್ಡ್ ಬೇಕಿತ್ತು, ಯಹೂದಿ ಅಪ್ಪನ ಮಗಳಿಗೆ ಕಾರ್ಡ್ ಸಿಗುವ ಮಾತೇ ಇಲ್ಲ. ಹಾಗಾಗಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಪಾತ್ರಗಳು. ಕಾಮಿಂಕರ್ ಎಂಬ ಹೆಸರು ಅಪಾಯ ತರುತ್ತಿತ್ತು, ಅಮ್ಮನ ತವರಿನ ಹೆಸರು ಇಟ್ಟುಕೊಂಡಳು. ಮಾರ್ಸೆಲ್ ಕಾರ್ನೆ 1942ರಲ್ಲಿ ಮಾಡಿದ 'ಲೇ ವಿಸಿತರ್ ದ್ಯು ಸುವಾರ್' ಸಿನಿಮಾದ ದರ್ಬಾರಿನ ಗುಂಪಿನಲ್ಲಿ ಆಕೆಯೂ ಇದ್ದಾಳೆ. ಹುಡುಕಬೇಕಷ್ಟೇ.

ಇಲ್ಲಿಂದ ಮುಂದಿನ ಹತ್ತು ವರ್ಷವನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ತಾರೆಯರ ಏರಿಕೆ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ ಥರ. ನಿರ್ದೇಶಕ ಈವ್ ಅಲೆಗ್ರೆ ಜೊತೆ ಬದುಕು, 1946ರಲ್ಲಿ ಮಗಳು ಕ್ಯಾಥರೀನ್. 1948ರ 'ದೇದೆ ದಾಂವೆರ್' ಸಿನಿಮಾದಲ್ಲಿ ಬಂದರಿನ ವೇಶ್ಯೆಯ ಪಾತ್ರ, ಅದರಿಂದ ಹೆಸರು. 1949ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ದ ವಾನ್ಸ್‌ನ ಲಾ ಕೊಲೊಂಬ್ ದೋರ್ ಎಂಬ ಹೋಟೆಲಿನ ಅಂಗಳದಲ್ಲಿ ಗಾಯಕ ಈವ್ ಮೊಂತಾನ್‌ನ ಭೇಟಿ. ಇಟಲಿಯಿಂದ ಓಡಿಬಂದ ಬಡ ಕಮ್ಯುನಿಸ್ಟ್ ಸಂಸಾರದ ಹುಡುಗ, ಮಾರ್ಸೇಯ ಕಾರ್ಮಿಕರ ಕೇರಿಯಲ್ಲಿ ಬೆಳೆದವನು. ನಾಲ್ಕು ದಿನದಲ್ಲಿ ಆಕೆಯ ಬದುಕು ಬದಲಾಯಿತು. 1951ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಮದುವೆ.

ಮರುವರ್ಷ ಜಾಕ್ ಬೆಕೆರ್‌ನ 'ಕಾಸ್ಕ್ ದೋರ್'. 1900ರ ಸುಮಾರಿನ ಪ್ಯಾರಿಸ್ಸಿನ ಪುಂಡರ ಗುಂಪುಗಳು, ಅವರ ನಡುವೆ ಹೊಂಗೂದಲಿನ ಒಬ್ಬ ಹೆಣ್ಣು. ನೋಡದಿದ್ದರೆ ದಯವಿಟ್ಟು ನೋಡಿ. ಪ್ರೀತಿಸುವವಳು ಕ್ಯಾಮೆರಾ ಮುಂದೆ ಹೇಗಿರುತ್ತಾಳೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಸಿನಿಮಾ ನನಗೆ ಗೊತ್ತಿಲ್ಲ. ಫ್ರಾನ್ಸಿನಲ್ಲಿ ಮೊದಲು ಓಡಲಿಲ್ಲ, ಲಂಡನ್ನಿನಲ್ಲಿ ಜನ ಮೆಚ್ಚಿದರು, ಬ್ರಿಟಿಷ್ ಅಕಾಡೆಮಿ ಪ್ರಶಸ್ತಿಯೂ ಬಂತು. ಅಮೆರಿಕದಲ್ಲಿ ಬಾರ್ ಒಂದರಲ್ಲಿ ಪಿಯಾನೋ ನುಡಿಸಲು ಹೊರಟಿದ್ದ ಕಪ್ಪು ಹುಡುಗಿ ಯೂನಿಸ್ ವೇಮನ್, ಮನೆಯವರಿಗೆ ಗೊತ್ತಾಗದಿರಲಿ ಅಂತ ಬೇರೆ ಹೆಸರು ಹುಡುಕುತ್ತಿದ್ದಾಗ ಈ ನಟಿಯ ಹೆಸರನ್ನು ತೆಗೆದುಕೊಂಡಳು. ನೀನಾ ಸಿಮೋನ್ ಆದದ್ದು ಹಾಗೆ. 1955ರಲ್ಲಿ ಕ್ಲೂಜೋನ 'ಲೇ ದಿಯಾಬೋಲಿಕ್'. ಬೋರ್ಡಿಂಗ್ ಶಾಲೆ, ಕೊಲೆ, ಸ್ನಾನದ ತೊಟ್ಟಿ. ಹೆಚ್ಚು ಹೇಳುವುದಿಲ್ಲ. ಕ್ಲೈಮ್ಯಾಕ್ಸ್ ಬಯಲು ಮಾಡಬೇಡಿ ಅಂತ ಸಿನಿಮಾದ ಕೊನೆಯಲ್ಲೇ ಬರೆದಿದೆ.

ಈಗ ರಾಜಕೀಯಕ್ಕೆ ಬರೋಣ. ಸಿಮೋನ್ ಮತ್ತು ಮೊಂತಾನ್ ಇಬ್ಬರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಲ್ಲ, ಆದರೆ ಪಕ್ಷದ ಜೊತೆಯವರು. 1950ರಲ್ಲಿ ಅಣುಬಾಂಬಿನ ವಿರುದ್ಧದ ಸ್ಟಾಕ್‌ಹೋಮ್ ಮನವಿಗೆ ಸಹಿ ಹಾಕಿದರು. ಅಮೆರಿಕದ ವೀಸಾ ಬಾಗಿಲು ಮುಚ್ಚಿತು. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿತ್ತು. ಸೋವಿಯತ್ತಿಗೆ ಗುಟ್ಟು ಕೊಟ್ಟರೆಂದು ರೋಸೆನ್‌ಬರ್ಗ್ ದಂಪತಿಯನ್ನು 1953ರಲ್ಲಿ ವಿದ್ಯುತ್ ಕುರ್ಚಿಗೆ ಕೂರಿಸಿದರು. ಆ ಬೇಟೆಯನ್ನು ನೆನಪಿಸಲೆಂದೇ ಆರ್ಥರ್ ಮಿಲ್ಲರ್ ಬರೆದ 'ದ ಕ್ರೂಸಿಬಲ್' ನಾಟಕವನ್ನು ಸಿಮೋನ್ ಮತ್ತು ಮೊಂತಾನ್ 1954ರ ಕೊನೆಯಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ತಂದರು. ಮುಂದೆ ಅದೇ ಕಥೆ ಸಾರ್ತ್ರ್ ಚಿತ್ರಕಥೆಯೊಂದಿಗೆ ಸಿನಿಮಾ ಆಯಿತು. ಸುಳ್ಳು ಒಪ್ಪಿಕೊಂಡು ಬದುಕುವುದೋ, ನಿಜ ಹೇಳಿ ಗಲ್ಲಿಗೇರುವುದೋ ಅನ್ನುವುದು ಅದರ ಜೀವ.

ಇಲ್ಲೊಂದು ಮುಳ್ಳಿದೆ. ಇದೇ ಕಾಲದಲ್ಲಿ, 1952ರ ಕೊನೆಯಲ್ಲಿ, ಕಮ್ಯುನಿಸ್ಟ್ ಆಳ್ವಿಕೆಯ ಪ್ರಾಗ್ ನಗರದಲ್ಲಿ ಇನ್ನೊಂದು ವಿಚಾರಣೆ ನಡೆದಿತ್ತು. ಪಕ್ಷದ್ದೇ 14 ಮಂದಿ ನಾಯಕರು ಕಟಕಟೆಯಲ್ಲಿ ನಿಂತು ತಾವು ಗೂಢಚಾರರು ಅಂತ ಬಾಯಿಪಾಠ ಒಪ್ಪಿಸಿದರು. 14ರಲ್ಲಿ 11 ಮಂದಿ ಯಹೂದಿಗಳು. 11 ಮಂದಿಗೆ ಗಲ್ಲು. ರೋಸೆನ್‌ಬರ್ಗ್ ದಂಪತಿಗಾಗಿ ಮರುಗಿದವರು ಪ್ರಾಗ್ ಬಗ್ಗೆ ಏನೂ ಮಾತಾಡಲಿಲ್ಲ. ನಮ್ಮವರು ಹಾಗೆ ಸುಮ್ಮಸುಮ್ಮನೆ ಮಾಡುವುದಿಲ್ಲ ಅನ್ನುವ ನಂಬಿಕೆ. ಮಾತಾಡದವರಲ್ಲಿ ಇವರಿಬ್ಬರೂ ಇದ್ದರು.

1956ರ ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿ ಹಂಗೇರಿಯ ಬಂಡಾಯವನ್ನು ಹೊಸಕಿ ಹಾಕಿದವು. ಮೊಂತಾನ್‌ನ ಸೋವಿಯತ್ ಪ್ರವಾಸ ಮೊದಲೇ ಗೊತ್ತಾಗಿತ್ತು. ಹೋಗಬೇಡಿ ಅಂತ ಗೆಳೆಯರು, ಹೋದರೆ ನೋಡಿಕೊಳ್ಳುತ್ತೇವೆ ಅಂತ ಬಲಪಂಥೀಯರು, ಹೋಗದಿದ್ದರೆ ದ್ರೋಹ ಅಂತ ಪಕ್ಷದವರು. ಡಿಸೆಂಬರಿನಲ್ಲಿ ಹೋದರು. ಮಾಸ್ಕೋದಲ್ಲಿ ಒಂದು ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ಕೂತಾಗ ಎದುರಿಗಿದ್ದದ್ದು ಕ್ರುಶ್ಚೇವ್, ಮೊಲೊಟೊವ್, ಮಿಕೊಯಾನ್, ಬುಲ್ಗಾನಿನ್, ಮಲೆಂಕೊವ್. ಒಬ್ಬ ಹಾಡುಗಾರ, ಒಬ್ಬ ನಟಿ, ಮತ್ತು ಅರ್ಧ ಜಗತ್ತಿನ ಒಡೆಯರು. ಇವರಿಬ್ಬರೂ ಬುಡಾಪೆಸ್ಟ್ ಬಗ್ಗೆ ನೇರವಾಗಿ ಕೇಳಿದರು. ಕ್ರುಶ್ಚೇವ್ ತನ್ನ ಸಮರ್ಥನೆ ಹೇಳಿದ. ಇವರು ಒಪ್ಪಲಿಲ್ಲ. ಆ ಕಾಲದಲ್ಲಿ ಆ ಮೇಜಿನ ಮುಂದೆ ಕೂತು ಅಷ್ಟು ಕೇಳಿದ್ದು ಸಣ್ಣ ವಿಷಯವಲ್ಲ. ಆದರೆ ಹೊರಗಿನ ಜನಕ್ಕೆ ಕಂಡದ್ದು ಕೇಳಿದ ಪ್ರಶ್ನೆಯಲ್ಲ, ಮೊಂತಾನ್ ಅಲ್ಲಿ ಹಾಡಿದ್ದು. ಅಲ್ಲಿಂದ ಪೂರ್ವ ಯುರೋಪಿನ ಊರುಗಳನ್ನೂ ಸುತ್ತಿದರು, ಬುಡಾಪೆಸ್ಟಿಗೂ ಹೋದರು. ಗಂಡಹೆಂಡಿರ ನಂಬಿಕೆ ಅಲ್ಲೇ ಮುರಿಯಿತು. ಊರಿಗೆ ಬಂದಾಗ ಎರಡೂ ಕಡೆಯವರು ಬೆನ್ನು ತಿರುಗಿಸಿದ್ದರು.

ಈ ಪ್ರವಾಸದ ಬಗ್ಗೆ ಆತ್ಮಕಥೆಯಲ್ಲಿ ಪುಟಗಟ್ಟಲೆ ಇದೆ. ಹೋದದ್ದು ಸರಿಯಿತ್ತು ಅಂತ ವಾದಿಸುವುದಕ್ಕಲ್ಲ. ಹೋಗುವ ಮುಂಚೆ ತಲೆಯಲ್ಲಿ ಏನಿತ್ತು, ಯಾರ ಮಾತಿಗೆ ಕಿವಿಗೊಡಲಿಲ್ಲ, ಯಾವುದನ್ನು ನೋಡಿಯೂ ನೋಡದಂತೆ ಇದ್ದೆವು ಅನ್ನುವ ವಿವರ. ನಾವು ಎಂಜಿನಿಯರುಗಳು ಪ್ರೊಡಕ್ಷನ್‌ನಲ್ಲಿ ಏನಾದರೂ ಒಡೆದಾಗ ಯಾರನ್ನೂ ಬೈಯದೆ ಒಂದು ವರದಿ ಬರೆಯುತ್ತೇವೆ. ಎಷ್ಟು ಗಂಟೆಗೆ ಏನಾಯಿತು, ಯಾವ ಎಚ್ಚರಿಕೆ ಬಂದಿತ್ತು, ಯಾಕೆ ಕಡೆಗಣಿಸಿದೆವು ಅಂತ. ಈ ಪುಟಗಳನ್ನು ಓದುವಾಗ ನನಗೆ ನೆನಪಾದದ್ದು ಅಂಥ ವರದಿ.

1959ರಲ್ಲಿ ಬ್ರಿಟನ್ನಿನಲ್ಲಿ 'ರೂಮ್ ಅಟ್ ದ ಟಾಪ್' ಬಂತು. ನಿರ್ದೇಶಕ ಜಾಕ್ ಕ್ಲೇಟನ್. ಮೇಲೇರುವ ಹಟದ ಬಡ ಹುಡುಗ, ಮುತುವರ್ಜಿಯಿಂದ ಆತ ಗಾಳ ಹಾಕುವ ಶ್ರೀಮಂತರ ಮಗಳು, ಇಬ್ಬರ ನಡುವೆ ಆತ ನಿಜವಾಗಿ ಪ್ರೀತಿಸಿ ಕೈಬಿಡುವ, ಆತನಿಗಿಂತ ದೊಡ್ಡ ವಯಸ್ಸಿನ ಆಲಿಸ್. ಆಲಿಸ್ ಪಾತ್ರಕ್ಕೆ ಕಾನ್ ಚಿತ್ರೋತ್ಸವದ ಪ್ರಶಸ್ತಿ, ಆಮೇಲೆ 1960ರ ಏಪ್ರಿಲ್‌ನಲ್ಲಿ ಆಸ್ಕರ್. ವೀಸಾ ಕೊಡದೆ ಸತಾಯಿಸಿದ್ದ ದೇಶವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ದಿನಗಳಲ್ಲಿ ದಂಪತಿ ಬೆವರ್ಲಿ ಹಿಲ್ಸ್ ಹೋಟೆಲಿನ ಬಂಗಲೆಯಲ್ಲಿದ್ದರು. ಎದುರು ಬಾಗಿಲಿನಲ್ಲಿ ಆರ್ಥರ್ ಮಿಲ್ಲರ್ ಮತ್ತು ಆತನ ಹೆಂಡತಿ ಮರ್ಲಿನ್ ಮನ್ರೋ. ಮೊಂತಾನ್ ಮತ್ತು ಮರ್ಲಿನ್ 'ಲೆಟ್ಸ್ ಮೇಕ್ ಲವ್' ಸಿನಿಮಾದಲ್ಲಿ ಜೋಡಿ. ಹಿಂದಿನ ಕಾಲದ ತಾರೆ ಜೀನ್ ಹಾರ್ಲೋಗೆ ಕೂದಲು ಬಣ್ಣ ಹಚ್ಚುತ್ತಿದ್ದ ಮುದುಕಿಯೊಬ್ಬಳು ವಾರಕ್ಕೊಮ್ಮೆ ಮರ್ಲಿನ್‌ಗಾಗಿ ಬರುತ್ತಿದ್ದಳು. ಹೆಂಗಸರಿಬ್ಬರೂ ಒಟ್ಟಿಗೆ ಕೂತು ಬಣ್ಣ ಹಚ್ಚಿಸಿಕೊಂಡು ಹರಟುತ್ತಿದ್ದರು. ಸಿಮೋನ್ ಇನ್ನೊಂದು ಸಿನಿಮಾಕ್ಕೆ ರೋಮ್‌ಗೆ ಹೊರಟಳು. ಇತ್ತ ಮೊಂತಾನ್ ಮತ್ತು ಮರ್ಲಿನ್ ನಡುವೆ ಸಂಬಂಧ ಬೆಳೆಯಿತು, ಜಗತ್ತಿನ ಪತ್ರಿಕೆಗಳಿಗೆ ಹಬ್ಬ. ಸಿಮೋನ್ ಪತ್ರಿಕೆಯವರ ಮುಂದೆ ಅಳಲೂ ಇಲ್ಲ, ಶಪಿಸಲೂ ಇಲ್ಲ, ಗಂಡನನ್ನು ಬಿಡಲೂ ಇಲ್ಲ. ಮರ್ಲಿನ್ ಬಗ್ಗೆ ಬರೆಯುವಾಗ ಆಕೆಗೆ ನೆನಪಾಗುವುದು ಆ ಬಣ್ಣ ಹಚ್ಚುವ ಮುದುಕಿ ಮತ್ತು ಮೇಕಪ್ ಇಲ್ಲದೆ ಕೂತ ಒಬ್ಬ ಗೆಳತಿ. ತನ್ನ ಬಗ್ಗೆ ತನಗೆ ಯಾವ ಸಿಟ್ಟೂ ಇರಲಿಲ್ಲ ಅನ್ನುವುದು ಗೊತ್ತಾಗುವ ಮೊದಲೇ ಆಕೆ ಸತ್ತುಹೋದಳಲ್ಲ ಅನ್ನುವ ಕೊರಗು. ಇದನ್ನು ದೊಡ್ಡತನ ಅನ್ನುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅವಮಾನ ನುಂಗಿದ ಹೆಂಗಸನ್ನು ಹೊಗಳುವುದು ಗಂಡಸರಿಗೆ ಯಾವಾಗಲೂ ಸುಲಭ. ಆ ವರ್ಷದ ನಂತರ ಆಕೆಯ ಕುಡಿತ ಹೆಚ್ಚಾಯಿತು, ಮುಖದ ಮೇಲೆ ವಯಸ್ಸು ಓಡೋಡಿ ಬಂತು.

ಅದೇ 1960ರ ಸೆಪ್ಟೆಂಬರಿನಲ್ಲಿ ಇನ್ನೊಂದು ಸಹಿ. ಅಲ್ಜೀರಿಯಾದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಯುದ್ಧಕ್ಕೆ ಹೋಗಲು ಒಪ್ಪದ ಸೈನಿಕರನ್ನು ಬೆಂಬಲಿಸುವ 121 ಮಂದಿಯ ಹೇಳಿಕೆಗೆ ಆಕೆ ಸಹಿ ಹಾಕಿದಳು. ಮೊಂತಾನ್ ಹಾಕಲಿಲ್ಲ. ಸಹಿ ಹಾಕಿದವರಿಗೆ ಸರ್ಕಾರಿ ರೇಡಿಯೋ, ಟೀವಿ ಬಂದ್. ಆಸ್ಕರ್ ಗೆದ್ದ ವರ್ಷದಲ್ಲೇ ತನ್ನ ದೇಶದ ಟೀವಿಯಲ್ಲಿ ಮುಖ ತೋರಿಸುವಂತಿಲ್ಲ.

1966ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಅಲೆಕ್ ಗಿನ್ನೆಸ್ ಎದುರು ಲೇಡಿ ಮ್ಯಾಕ್‌ಬೆತ್ ಆಗಿ ಇಂಗ್ಲಿಷಿನಲ್ಲೇ ನಟಿಸಲು ಹೋಗಿ ಮುಗ್ಗರಿಸಿದಳು. ವಿಮರ್ಶಕರು ಹರಿದು ಹಾಕಿದರು. ಇದನ್ನೂ ಬಿಟ್ಟಿಲ್ಲ, ಬರೆದಿದ್ದಾಳೆ.

ಈಗ ನಾನು ಹಾಸ್ಟೆಲ್‌ನಲ್ಲಿ ನೋಡಿದ ಸಿನಿಮಾಕ್ಕೆ ಬರುತ್ತೇನೆ. 1969ರ 'ಆರ್ಮಿ ಆಫ್ ಶ್ಯಾಡೋಸ್'. ನಿರ್ದೇಶಕ ಜ್ಯಾಂ-ಪಿಯೇರ್ ಮೆಲ್ವಿಲ್ ಸ್ವತಃ ಪ್ರತಿರೋಧದಲ್ಲಿದ್ದವನು. ಮೂಲ ಕಾದಂಬರಿ ಜೋಸೆಫ್ ಕೆಸೆಲ್‌ದು, ಯುದ್ಧದ ನಡುವೆಯೇ 1943ರಲ್ಲಿ ಬಂದದ್ದು. ಸಿಮೋನ್‌ಳ ಪಾತ್ರ ಮಥಿಲ್ಡ್. ಸೆರೆಸಿಕ್ಕ ಸಂಗಾತಿಯನ್ನು ಬಿಡಿಸಲು ಜರ್ಮನ್ ನರ್ಸ್ ವೇಷದಲ್ಲಿ ಆಂಬುಲೆನ್ಸ್ ಹತ್ತಿ ಗೆಸ್ಟಾಪೋ ಜೈಲಿನೊಳಕ್ಕೇ ಹೋಗುವ ಧೀರೆ. ಆಕೆಯದೊಂದೇ ತಪ್ಪು, ಪರ್ಸಿನಲ್ಲಿ ಮಗಳ ಫೋಟೋ ಇಟ್ಟುಕೊಂಡದ್ದು. ಸಿಕ್ಕಿಬಿದ್ದಾಗ ಆ ಫೋಟೋ ಜರ್ಮನ್ನರ ಕೈಗೆ ಸಿಗುತ್ತದೆ. ಬಾಯಿ ಬಿಡದಿದ್ದರೆ ಮಗಳ ಗತಿ ಏನು ಅಂತ ಹೆದರಿಸುತ್ತಾರೆ. ಅದಕ್ಕೇ ಸಂಗಾತಿಗಳೇ ಆಕೆಯನ್ನು ಕೊಲ್ಲಬೇಕಾಗುತ್ತದೆ. ಈ ಮಥಿಲ್ಡ್ ಪಾತ್ರದ ಹಿಂದೆ ನಿಜಜೀವನದ ನೆರಳಾಗಿ ಹೇಳಲಾಗುವ ಹೆಸರುಗಳಲ್ಲಿ ಒಂದು ಲೂಸಿ ಓಬ್ರಾಕ್. ವಾನ್ ಊರಿನ ಅದೇ ಇತಿಹಾಸದ ಮೇಡಂ.

ಹತ್ತೊಂಬತ್ತರ ಪ್ರಾಯದಲ್ಲಿ ಮನೆಯವರ ಹೊಟ್ಟೆಗಾಗಿ ನಾಜಿ ಪರ ಪತ್ರಿಕೆಯಲ್ಲಿ ಫೋನ್ ಎತ್ತುತ್ತಿದ್ದವಳು, ನಲವತ್ತೆಂಟರಲ್ಲಿ ತನ್ನ ಮೇಡಮ್ಮಿನ ನೆರಳಿನ ಪಾತ್ರ ಮಾಡುತ್ತಿದ್ದಾಳೆ. ಮನೆಯವರ ಮೇಲಿನ ಪ್ರೀತಿ ಮನುಷ್ಯರನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಅಂತ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಕೊನೆಯ ನೋಟ ಎಲ್ಲಿಂದ ಬಂತು ಅನ್ನುವುದು ನನಗೆ ಹೊಳೆದದ್ದು ಸಿನಿಮಾ ನೋಡಿದ ಎಷ್ಟೋ ವರ್ಷದ ಮೇಲೆ, ಲುಶೇರ್ ಪುಟಗಳನ್ನು ಓದುವಾಗ. ಇದು ನನ್ನ ಓದು, ಆಕೆ ಹೀಗೆ ಹೇಳಿಲ್ಲ.

ಮರುವರ್ಷ ಕೋಸ್ಟಾ ಗಾವ್ರಾಸ್‌ನ 'ದ ಕನ್‌ಫೆಷನ್'. ಇದು ಪ್ರಾಗ್ ವಿಚಾರಣೆಯ ಕಥೆ. ಗಲ್ಲು ತಪ್ಪಿ ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ ಆರ್ತುರ್ ಲಂಡನ್ (ಊರಲ್ಲ, ಮನುಷ್ಯನ ಹೆಸರು) ಬಿಡುಗಡೆಯಾದ ಮೇಲೆ ಬರೆದ ಪುಸ್ತಕ ಇದರ ಮೂಲ. ನಿದ್ದೆಗೆಡಿಸಿ, ನಡೆಸಿ ನಡೆಸಿ, ಹೊಡೆದು ಸುಳ್ಳು ಒಪ್ಪಿಗೆ ಹೇಳಿಸಿದ ಕಥೆ. ಆರ್ತುರ್ ಆಗಿ ಮೊಂತಾನ್. ಆತನ ಹೆಂಡತಿ ಲೀಸ್ ಆಗಿ ಸಿಮೋನ್. ಈ ಲೀಸ್ ಯಾರು? ರೇಡಿಯೋದಲ್ಲಿ ಗಂಡನ ತಪ್ಪೊಪ್ಪಿಗೆ ಕೇಳಿ, ಪಕ್ಷ ಸುಳ್ಳು ಹೇಳುವುದಿಲ್ಲ ಅಂತ ನಂಬಿ, ಗಂಡ ದ್ರೋಹಿ ಅಂತ ಬಹಿರಂಗವಾಗಿ ಪತ್ರ ಬರೆದವಳು. 1952ರಲ್ಲಿ ಸಿಮೋನ್ ಕೂಡ ಹಾಗೇ ನಂಬಿದ್ದಳು. ಹದಿನೆಂಟು ವರ್ಷದ ನಂತರ ಆ ನಂಬಿಕೆಯ ಮುಖ ಹೇಗಿತ್ತು ಅಂತ ತನ್ನ ಮುಖದಲ್ಲೇ ತೋರಿಸಿದಳು. ಕಮ್ಯುನಿಸ್ಟ್ ಗೆಳೆಯರು ಹಲವರು ಮುನಿಸಿಕೊಂಡರು. ಆದರೆ ಆಕೆ ಎಡಪಂಥ ಬಿಟ್ಟು ಆಚೆ ದಡಕ್ಕೆ ಹಾರಲಿಲ್ಲ. ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ ಹಾರಿ ಅದನ್ನೇ ಜ್ಞಾನೋದಯ ಅಂದುಕೊಳ್ಳುವವರು ನಮ್ಮ ಟೀವಿ ಚರ್ಚೆಗಳಲ್ಲಿ ದಿನಾ ಸಿಗುತ್ತಾರೆ, ಆಕೆ ಆ ಪೈಕಿ ಅಲ್ಲ.

ಮುಖದ ವಿಷಯ ಹೇಳದೆ ಹೋದರೆ ಲೇಖನ ಅರ್ಧ. ಐವತ್ತರ ಹೊತ್ತಿಗೆ ಆಕೆ ದಪ್ಪಗಾಗಿದ್ದಳು, ಕಣ್ಣ ಕೆಳಗೆ ಚೀಲ, ಗೆರೆ ತುಂಬಿದ ಕೆನ್ನೆ. 'ಕಾಸ್ಕ್ ದೋರ್' ನೋಡಿದವರಿಗೆ ನಂಬಲಾಗುತ್ತಿರಲಿಲ್ಲ. ಪತ್ರಿಕೆಗಳು ಕ್ರೂರವಾಗಿ ಬರೆದವು. ಆ ವಯಸ್ಸಿನ ನಟಿಯರು ಪಾತ್ರ ಕಡಿಮೆ ಮಾಡಿಕೊಂಡು ಮರೆಗೆ ಸರಿಯುವುದೋ, ಚರ್ಮ ಎಳೆಸಿಕೊಳ್ಳುವುದೋ ಮಾಡುತ್ತಾರೆ. ಗಂಡು ನಟರಿಗೆ ಈ ಕಷ್ಟ ಇಲ್ಲ, ಅದು ಬೇರೆ ಮಾತು. ಈಕೆ ಆ ಮುಖವನ್ನೇ ಕೆಲಸಕ್ಕೆ ಹಚ್ಚಿದಳು. 1971ರ 'ಲೆ ಶಾ'ದಲ್ಲಿ ಜ್ಯಾಂ ಗಾಬ್ಯಾಂ ಎದುರು, ಗಂಡನ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚು ಪಡುವ, ಕುಂಟುವ, ಕುಡುಕಿ ಹೆಂಡತಿ. ಒಂದು ಕಾಲದಲ್ಲಿ ಸರ್ಕಸ್ಸಿನಲ್ಲಿ ಆಡಿದ್ದವಳು. ಸುತ್ತಲಿನ ಮನೆಗಳನ್ನೆಲ್ಲ ಕೆಡವುತ್ತಿರುವಾಗ ಆ ಒಂದು ಮನೆಯಲ್ಲಿ ಇಬ್ಬರೂ ಮಾತುಬಿಟ್ಟು ಬದುಕುತ್ತಾರೆ. ಬರ್ಲಿನ್ ಚಿತ್ರೋತ್ಸವ ಇಬ್ಬರಿಗೂ ಪ್ರಶಸ್ತಿ ಕೊಟ್ಟಿತು.

1977ರಲ್ಲಿ 'ಮದಾಂ ರೋಸಾ'. ರೊಮ್ಯಾಂ ಗಾರಿ ಬೇರೆ ಹೆಸರಿನಲ್ಲಿ ಬರೆದ ಕಾದಂಬರಿ, ನಿರ್ದೇಶನ ಮೋಶೆ ಮಿಜ್ರಾಹಿ. ಆಷ್‌ವಿಟ್ಜ್‌ನಿಂದ ಬದುಕಿ ಬಂದ, ಒಂದು ಕಾಲದಲ್ಲಿ ಮೈಮಾರಿಕೊಂಡು ಬದುಕಿದ ಯಹೂದಿ ಮುದುಕಿ, ಲಿಫ್ಟ್ ಇಲ್ಲದ ಕಟ್ಟಡದ ಮೇಲಂತಸ್ತಿನಲ್ಲಿ ಏದುಸಿರು ಬಿಡುತ್ತಾ ವೇಶ್ಯೆಯರ ಮಕ್ಕಳನ್ನು ಸಾಕುತ್ತಾಳೆ. ಅವಳಿಗೆ ಕೊನೆಯವರೆಗೂ ಆಸರೆಯಾಗುವವನು ಮೊಮೊ ಎಂಬ ಅರಬ್ ಹುಡುಗ. ಐವತ್ತಾರರ ನಟಿ ಮೈಗೆ ಇನ್ನಷ್ಟು ದಪ್ಪ ಕಟ್ಟಿಕೊಂಡು, ಮುಖಕ್ಕೆ ಬಣ್ಣ ಮೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಪರಭಾಷಾ ಚಿತ್ರದ ಆಸ್ಕರ್ ಅದಕ್ಕೆ ಬಂತು, ಆಕೆಗೆ ಫ್ರಾನ್ಸಿನ ಸೀಸರ್ ಪ್ರಶಸ್ತಿ. ಅಪ್ಪನ ಕಡೆಯ ಯಹೂದಿ ಬೇರನ್ನು ಆಕೆ ಅಷ್ಟು ವರ್ಷ ಹೆಚ್ಚು ಮುಟ್ಟಿರಲಿಲ್ಲ. ಅಪ್ಪನ ಹೆಸರು ಬಿಟ್ಟು ಅಮ್ಮನ ಹೆಸರಿನಲ್ಲಿ ಬದುಕಿದವಳು ಇಲ್ಲಿಂದ ಮುಂದೆ ಆ ಕಡೆಗೇ ಹೊರಳಿದಳು.

1976ರ ಆತ್ಮಕಥೆಯ ಹೆಸರನ್ನು ಕನ್ನಡಕ್ಕೆ ತಂದರೆ ಹಳೆಯ ನೆನಪಿನ ಹಂಬಲ ಈಗ ಮೊದಲಿನಂತಿಲ್ಲ ಅಂತಾಗುತ್ತದೆ. ಲಕ್ಷಾಂತರ ಜನ ಓದಿದರು. ಅಷ್ಟೆಲ್ಲ ಬಿಚ್ಚಿಟ್ಟ ಆ ಪುಸ್ತಕದಲ್ಲಿ ಇಲ್ಲದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. 2004ರಲ್ಲಿ, ತಾಯಿ ಸತ್ತು 19 ವರ್ಷದ ಮೇಲೆ, ಮಗಳು ಕ್ಯಾಥರೀನ್ ತಾನು ಬರೆದ ಪುಸ್ತಕದಲ್ಲಿ ಮಲತಂದೆ ಮೊಂತಾನ್ ತನ್ನ ಬಾಲ್ಯದಲ್ಲಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ ಎಂದು ಆರೋಪಿಸಿದರು. ಉತ್ತರ ಕೊಡಲು ಮೊಂತಾನ್ ಬದುಕಿರಲಿಲ್ಲ, ಸಿಮೋನ್ ಕೂಡ. ಇದು ಗೊತ್ತಾದ ಮೇಲೆ ನಾನು ಆತ್ಮಕಥೆಯನ್ನು ಮತ್ತೆ ತೆರೆದೆ. ಲಾ ಕೊಲೊಂಬ್ ದೋರ್‌ನ ಅಂಗಳ, ಮದುವೆ, ಅವರ ಮನೆ, ಯಾವ ಪುಟವನ್ನೂ ಮೊದಲಿನ ಹಾಗೆ ಓದಲಾಗಲಿಲ್ಲ.

1981ರ ಡಿಸೆಂಬರಿನಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಸೇನಾಡಳಿತ ಹೇರಿ ಸಾಲಿಡಾರಿಟಿ ಕಾರ್ಮಿಕ ಸಂಘಟನೆಯನ್ನು ಹತ್ತಿಕ್ಕಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಔಷಧಿ ತುಂಬಿದ ವ್ಯಾನಿನಲ್ಲಿ ಪ್ಯಾರಿಸ್ಸಿನಿಂದ ವಾರ್ಸಾಗೆ ಹೊರಟವರಲ್ಲಿ ವೈದ್ಯ ಬರ್ನಾರ್ಡ್ ಕುಶ್ನೇರ್, ತತ್ವಜ್ಞಾನಿ ಮಿಶೆಲ್ ಫೂಕೋ ಮತ್ತು ಅರವತ್ತೊಂದರ ಸಿಮೋನ್ ಇದ್ದರು. ಆಗಲೇ ಕಣ್ಣು ಮಂಜಾಗತೊಡಗಿತ್ತು. ದಾರಿಯಲ್ಲಿ ಆಷ್‌ವಿಟ್ಜ್‌ಗೂ ಹೋದರು. 1956ರಲ್ಲಿ ಇದೇ ಪೂರ್ವ ಯುರೋಪಿಗೆ ಹೂಗುಚ್ಛ ಪಡೆಯುವ ಅತಿಥಿಯಾಗಿ ಹೋಗಿದ್ದವಳು, ಈ ಸಲ ಔಷಧಿ ಡಬ್ಬಗಳ ಜೊತೆ ಹೋದಳು.

1985ರ ಜನವರಿಯಲ್ಲಿ ಆಕೆಯ ಕಾದಂಬರಿ 'ಅದಿಯೂ ವೊಲೊದಿಯಾ' ಬಂತು. ಪೂರ್ವ ಯುರೋಪಿನಿಂದ ಪ್ಯಾರಿಸ್ಸಿಗೆ ಬಂದ ಬಡ ಯಹೂದಿ ದರ್ಜಿಗಳು, ತುಪ್ಪಳದ ಕೆಲಸಗಾರರು ಅದರ ಜನ, ಆಕೆಯ ಅಪ್ಪನ ಕುಲದವರು. ಅದೇ ವರ್ಷ, ಮೋಸ್ಕೊ ಬುಕೋ ತೆಗೆದ ಒಂದು ಸಾಕ್ಷ್ಯಚಿತ್ರದ ಗಲಾಟೆ ಎದ್ದಿತು. ಯುದ್ಧಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಜರ್ಮನ್ನರ ಮೇಲೆ ಬಾಂಬು ಹಾಕಿದ ವಲಸಿಗ ಯಹೂದಿ ಕಮ್ಯುನಿಸ್ಟರ ಕಥೆ. ಈಗ ಮುದುಕರಾಗಿ ಹೊಲಿಗೆ ಯಂತ್ರದ ಮುಂದೆ ಕೂತವರು. ಪಕ್ಷವೇ ಅವರನ್ನು ಕೈಬಿಟ್ಟಿತೇ ಅನ್ನುವ ಪ್ರಶ್ನೆಯನ್ನು ಆ ಚಿತ್ರ ಎತ್ತಿತ್ತು. ಕಮ್ಯುನಿಸ್ಟ್ ಪಕ್ಷ ಪ್ರಸಾರ ಬೇಡವೆಂದು ಹಟ ಹಿಡಿಯಿತು. ಅದರ ಹಿನ್ನೆಲೆ ದನಿಗಳಲ್ಲಿ ಒಂದು ಸಿಮೋನ್‌ಳದು. ಚಿತ್ರ ಜನರ ಮುಂದೆ ಬರಲೇಬೇಕು ಅಂತ ಆಕೆ ಪಟ್ಟು ಹಿಡಿದಳು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಒಳಗೆ ಹಬ್ಬಿತ್ತು. ಆ ವರ್ಷದ ಜುಲೈನಲ್ಲಿ ಚಿತ್ರ ಪ್ರಸಾರವಾಯಿತು. ಸೆಪ್ಟೆಂಬರ್ 30ರಂದು ನಾರ್ಮಂಡಿಯ ಓತೊಯಿ ಹಳ್ಳಿಯ ಮನೆಯಲ್ಲಿ ಆಕೆ ತೀರಿಕೊಂಡಳು. ಮಣ್ಣು ಮಾಡಿದ್ದು ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ. ಆರು ವರ್ಷದ ನಂತರ ಮೊಂತಾನ್‌ನನ್ನೂ ಪಕ್ಕದಲ್ಲೇ ಮಲಗಿಸಿದರು.

ನನ್ನ ಪೋಸ್ಟುಗಳ ಬ್ಯಾಕಪ್ ಒಂದು ಹಳೆಯ ಪೆನ್‌ಡ್ರೈವ್‌ನಲ್ಲಿ ಉಳಿದಿದೆ ಅಂತ ಆಮೇಲೆ ನೆನಪಾಯಿತು. ಟೇಬಲ್ ಡ್ರಾಯರ್‌ನಲ್ಲಿದೆ. ಇನ್ನೂ ತೆರೆದು ನೋಡಿಲ್ಲ.